ಹಳಿ ಉಳಿಸಿಕೊಂಡ ಸಂತೆಯೂರು



ಹುಲಿಯೂರುದುರ್ಗದ ಬೆಟ್ಟದ ಬುಡದಲ್ಲಿ ನಿಂತವರಿಗೆ ರೈಲು ಎರಡು ದಿಕ್ಕಿನಲ್ಲಿದೆ. ದಕ್ಷಿಣಕ್ಕೆ ಮದ್ದೂರು, ಬೆಂಗಳೂರಿನಿಂದ ಹೊರಟ ಹಳಿ ಆ ಊರನ್ನು ಹಾದು 1882ರಲ್ಲಿ ಮೈಸೂರನ್ನು ಮುಟ್ಟಿತು. ಉತ್ತರಕ್ಕೆ ಕುಣಿಗಲ್, ಬೆಂಗಳೂರು–ಹಾಸನ ಮಾರ್ಗ ಪೂರ್ಣಗೊಂಡು ಅಲ್ಲಿಂದ ರೈಲು ಹಾಯತೊಡಗಿದ್ದು 2017ರಲ್ಲಿ. ದುರ್ಗದಿಂದ ಈ ನಿಲ್ದಾಣಗಳವರೆಗಿನ ಹಾದಿಗೆ ಮಾತ್ರ ಬಸ್ಸೇ ಗತಿ.

ರೈಲು ಬಂದ ಮಾತ್ರಕ್ಕೆ ಉಳಿಯುತ್ತದೆಯೇ? ಇಂಗ್ಲೆಂಡಿನ ಒಂದು ಸಂತೆಯೂರಿನ ಚರಿತ್ರೆ ಇದಕ್ಕೆ ಉತ್ತರ ಹೇಳುತ್ತದೆ. ಡೆವನ್ ಸೀಮೆಯ ಒಕೆಹ್ಯಾಂಪ್ಟನ್, ಡಾರ್ಟ್‌ಮೂರ್ ಎಂಬ ಕಣಶಿಲೆಯ ಗುಡ್ಡನಾಡಿನ ಅಂಚಿನಲ್ಲಿದೆ. 1871ರಲ್ಲಿ ಅಲ್ಲಿಗೆ ರೈಲು ಬಂದಿತು. 1963ರಲ್ಲಿ ಬ್ರಿಟನ್ನಿನ ರೈಲ್ವೆ ಮಂಡಳಿಯ ಅಧ್ಯಕ್ಷ ರಿಚರ್ಡ್ ಬೀಚಿಂಗ್ ಒಂದು ವರದಿ ಕೊಟ್ಟರು. ದೇಶದ ಮೂರನೇ ಒಂದು ಭಾಗದಷ್ಟು ಹಳಿಯ ಮೇಲೆ ನೂರಕ್ಕೆ ಒಬ್ಬ ಪ್ರಯಾಣಿಕ ಮಾತ್ರ ಸಂಚರಿಸುತ್ತಾನೆ ಎಂಬುದು ಅದರ ಲೆಕ್ಕ. ಆ ಬಳಿಕ ಸಾವಿರಾರು ಮೈಲಿ ಮಾರ್ಗ ಮುಚ್ಚಿತು. 1972ರಲ್ಲಿ ಒಕೆಹ್ಯಾಂಪ್ಟನ್ನಿನ ನಿತ್ಯದ ಪ್ರಯಾಣಿಕರ ರೈಲೂ ನಿಂತಿತು.

ಆದರೆ ಹಳಿ ಕೀಳಲಿಲ್ಲ. ಸಮೀಪದ ಮೆಲ್ಡನ್ ಕ್ವಾರಿಯಿಂದ ರೈಲುಮಾರ್ಗಗಳಿಗೆ ಜಲ್ಲಿ ಸಾಗಿಸಲು ಅದು ಬೇಕಾಗಿತ್ತು. ಜನರಿಗಾಗಿ ಉಳಿಯದ ಹಳಿ ಕಲ್ಲಿಗಾಗಿ ಉಳಿಯಿತು! ಅದರಿಂದಲೇ 2021ರ ನವೆಂಬರ್ 20ರಂದು ನಿತ್ಯದ ರೈಲು ಮತ್ತೆ ಓಡಲು ಸಾಧ್ಯವಾಯಿತು, ಮರುವರ್ಷ ಗಂಟೆಗೊಂದಾಯಿತು. ಎಕ್ಸೆಟರ್ ನಗರದಿಂದ ಸುಮಾರು 40 ನಿಮಿಷಗಳ ಪಯಣ. ನಿಲ್ದಾಣ ಗುಡ್ಡದ ಇಳಿಜಾರಿನಲ್ಲಿದೆ. ಇಳಿದವರು ಕೆಳಗಿನ ಪೇಟೆಗೆ ನಡೆದೇ ಹೋಗಬಹುದು.

ಉಕ್ಕಿನ ಹಳಿಯ ಮೇಲೆ ಉರುಳುವ ಉಕ್ಕಿನ ಗಾಲಿಗೆ ತಡೆ ಕಡಿಮೆ. ಆದುದರಿಂದ ತುಂಬಿದ ರೈಲು ಅಲ್ಪ ಇಂಧನದಲ್ಲಿ ಬಹಳ ಜನರನ್ನು ಒಯ್ಯುತ್ತದೆ. ತುಂಬಿದ ರೈಲು ಎಂಬುದೇ ಇಲ್ಲಿ ಮುಖ್ಯವಾದ ಮಾತು. ದುರ್ಗದ ಬಸ್ಸು ಕುಣಿಗಲ್ಲನ್ನು ಸೇರುವ ಮೊದಲೇ ರೈಲು ಹೊರಟುಹೋದರೆ ಓದುವ ಹುಡುಗ ಬೈಕು ಕೊಳ್ಳುತ್ತಾನೆ, ಎಳನೀರು ಹೇರಿದ ರೈತ ಟೆಂಪೋ ಹಿಡಿಯುತ್ತಾನೆ. ಮುಂದೊಂದು ದಿನ ಪ್ರಯಾಣಿಕರಿಲ್ಲವೆಂಬ ಲೆಕ್ಕವೂ ಸಿದ್ಧವಾಗುತ್ತದೆ.

ಆ ಲೆಕ್ಕ ಬರುವ ಮೊದಲು ಊರಿನವರ ಲೆಕ್ಕ ಸಿದ್ಧವಿರಬೇಕು. ವಿದ್ಯಾರ್ಥಿಗಳು ಒಂದು ತಿಂಗಳು ಬಸ್ಸು–ರೈಲುಗಳ ವೇಳೆಯನ್ನೂ ರೈಲು ತಪ್ಪಿಸಿಕೊಂಡವರ ಸಂಖ್ಯೆಯನ್ನೂ ಬರೆದಿಡಲಿ. ಹಿರಿಯರು ಅದನ್ನು ಗ್ರಾಮಸಭೆಯ ಮುಂದಿಡಲಿ. ಕಳೆದುಕೊಂಡದ್ದನ್ನು ಮರಳಿ ಪಡೆಯಲು ಒಕೆಹ್ಯಾಂಪ್ಟನ್ 49 ವರ್ಷ ಕಾಯಬೇಕಾಯಿತು. ದೊರೆತದ್ದನ್ನು ಉಳಿಸಿಕೊಳ್ಳಲು ದುರ್ಗಕ್ಕೆ ಅಷ್ಟು ಕಾಲ ಬೇಕಿಲ್ಲ.