ಚಾರ್ಟಿನ ಸೇಬು, ಅಥಣಿಯ ದ್ರಾಕ್ಷಿ

ಹಣ್ಣಿನ ಪಾಠವೆಂದರೆ ಗೋಡೆಯ ಚಾರ್ಟಿನಲ್ಲಿ ಮೊದಲು ಕಾಣುವುದು ಸೇಬು. ಆದರೆ ಅಥಣಿ ಸೀಮೆಯ ಮಗು ನೋಡುತ್ತ ಬೆಳೆದದ್ದು ದ್ರಾಕ್ಷಿಯ ಚಪ್ಪರ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತ ‘ನಲಿ-ಕಲಿ’ ಬೋಧನಾ ಪದ್ಧತಿ ಚಟುವಟಿಕೆಯನ್ನೇ ಪಾಠವಾಗಿಸಿತು. ಆ ದಾರಿಗೆ ಒಂದು ಗೊಂಚಲು ಸಾಕು. ಮಗು ಹಣ್ಣು ಬಿಡಿಸಿ ಹತ್ತರವರೆಗೆ ಎಣಿಸುತ್ತದೆ, ಪಕ್ಕದಲ್ಲಿ ಸುಕ್ಕುಗಟ್ಟಿದ ಒಣದ್ರಾಕ್ಷಿ ಇಟ್ಟು ನೀರೆಲ್ಲಿ ಹೋಯಿತೆಂದು ಕೇಳುತ್ತದೆ.

‘ದ್ರಾಕ್ಷಿ’ಯಲ್ಲಿ ಎರಡು ಒತ್ತಕ್ಷರಗಳಿವೆ, ಒಂದನೇ ಇಯತ್ತೆಯ ಮಗು ಹೇಗೆ ಬರೆದೀತು ಎನ್ನಬಹುದು. ಆಕ್ಷೇಪ ನ್ಯಾಯವಾದದ್ದೇ. ಬರೆಯಲು ‘ಬಾಳೆ’ ಇರಲಿ, ‘ದ್ರಾಕ್ಷಿ’ ಸದ್ಯಕ್ಕೆ ಬಾಯಲ್ಲೇ ಉಳಿಯಲಿ. ನಿಪ್ಪಾಣಿಯಲ್ಲಂತೂ ಮನೆಯಲ್ಲಿ ಮರಾಠಿ ಆಡುವ ಮಗುವಿಗೆ ‘ದ್ರಾಕ್ಷ’ದಿಂದ ‘ದ್ರಾಕ್ಷಿ’ಗೆ ಒಂದೇ ಹೆಜ್ಜೆ, ‘ಕೇಳೆ’ ಎಂಬುದು ‘ಬಾಳೆಹಣ್ಣು’ ಆಗಬೇಕಾದರೆ ಮಾತ್ರ ಹಣ್ಣು ಕೈಯಲ್ಲೇ ಇರಬೇಕು. ಸೇಬು ಬೇಡವೆಂದಲ್ಲ. ಅದು ಕಾಶ್ಮೀರದ ಮಾತು ಬಂದಾಗ ಬರಲಿ.