ಕಾಣುವ ಬೆಳಕು, ಕಾಣದ ಬೆಳಕು



ನಾನು ಉರ್ದು ಮತ್ತು ಕನ್ನಡ ಪಾಠ ಹೇಳುವವನು. ವಿಜ್ಞಾನದ ವಿಷಯಕ್ಕೆ ಇವರೇಕೆ ನಿಂತರು ಎಂದು ನಿಮಗೆ ಅನ್ನಿಸಬಹುದು. ಕಾರಣ ಒಂದು ಶಬ್ದ. ನಮ್ಮ ಕೇರಿಯಲ್ಲಿ ಮೊಬೈಲ್ ಟವರ್ ಎದ್ದಾಗ ವಿದ್ಯಾರ್ಥಿಯೊಬ್ಬನ ತಾಯಿ ನನ್ನನ್ನು ಕೇಳಿದರು: "ಮಾಸ್ತರೇ, ಕೈಗಾದಲ್ಲಿರುವುದೂ ವಿಕಿರಣ, ಟವರಿನಿಂದ ಬರುವುದೂ ವಿಕಿರಣವಂತೆ. ಎರಡೂ ಒಂದೇಯಾ?"

ಉರ್ದು ಪತ್ರಿಕೆ 'ತಾಬ್‌ಕಾರಿ' ಎನ್ನಲಿ, ಕನ್ನಡ ಪತ್ರಿಕೆ 'ವಿಕಿರಣ' ಎನ್ನಲಿ, ಓದಿದವರಿಗೆ ನೆನಪಾಗುವುದು ಅಣುಬಾಂಬೇ. ಆದರೆ ಮನೆಯ ಬಲ್ಬಿನ ಬೆಳಕೂ ವಿಕಿರಣವೇ. ಎಲ್ಲವೂ ವಿದ್ಯುತ್ಕಾಂತೀಯ ತರಂಗಗಳು. ನನ್ನ ತಂದೆ ಕೇಳುತ್ತಿದ್ದ ಧಾರವಾಡ ಆಕಾಶವಾಣಿಯ ಕಂಪನಾಂಕ 765 ಕಿಲೋಹರ್ಟ್ಜ್, ತರಂಗದ ಉದ್ದ ಸುಮಾರು 392 ಮೀಟರ್. ಮಕ್ಕಳೇ, 7,65,000ವನ್ನು 392ರಿಂದ ಗುಣಿಸಿ ನೋಡಿ. ಸುಮಾರು 30 ಕೋಟಿ ಮೀಟರ್, ಅಂದರೆ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. ಅದು ಬೆಳಕಿನ ವೇಗ! ಹಳೆಯ ರೇಡಿಯೋದ ಮುಳ್ಳಿನಲ್ಲೇ ಅದು ಅಡಗಿತ್ತು.

ತರಂಗ ಗಿಡ್ಡವಾದಷ್ಟೂ ಅದರ ಒಂದೊಂದು ಕಣದ ಶಕ್ತಿ ಹೆಚ್ಚು. 900 ಮೆಗಾಹರ್ಟ್ಜ್ ಮೊಬೈಲ್ ತರಂಗದ ಉದ್ದ ಒಂದು ಅಡಿಗಿಂತ ತುಸು ಹೆಚ್ಚು. ಕಣ್ಣಿಗೆ ಕಾಣುವ ಬೆಳಕು 400ರಿಂದ 700 ನ್ಯಾನೋಮೀಟರ್. ಅದಕ್ಕಿಂತ ಉದ್ದದ್ದು ಅವಕೆಂಪು; ಟಿವಿ ರಿಮೋಟನ್ನು ಮೊಬೈಲಿನ ಸೆಲ್ಫಿ ಕ್ಯಾಮೆರಾದ ಮುಂದೆ ಒತ್ತಿದರೆ ಅದು ಮಿನುಗುವುದು ಕಂಡೀತು. ಗಿಡ್ಡದ್ದು ನೇರಳಾತೀತ, ಮುಂದೆ 1895ರಲ್ಲಿ ರಾಂಟ್‌ಜನ್ ಕಂಡುಹಿಡಿದ ಕ್ಷ-ಕಿರಣ, ಕೊನೆಗೆ ಗಾಮಾ. ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತುಹಾಕುವ ಶಕ್ತಿ ಈ ಕೊನೆಯವುಗಳಿಗಿದೆ. ಕೈಗಾದಂಥ ಸ್ಥಾವರಗಳಿಗೆ ದಪ್ಪ ಕಾಂಕ್ರೀಟ್ ಗೋಡೆ ಅದಕ್ಕಾಗಿಯೇ. ಟವರಿನ ತರಂಗಕ್ಕೆ ಆ ಶಕ್ತಿಯಿಲ್ಲ, ಪ್ರಬಲವಾಗಿದ್ದರೆ ಬಿಸಿ ಮಾಡಬಲ್ಲದು ಅಷ್ಟೇ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿ ಇದನ್ನು 'ಕ್ಯಾನ್ಸರ್‌ಕಾರಕ ಆಗಿರಬಹುದು' ಎಂಬ ಗುಂಪಿಗೆ ಸೇರಿಸಿದ್ದು ನಿಜ. ಅದು ಖಚಿತವಾಗಿ ಸಾಬೀತಾದವುಗಳ ಗುಂಪಲ್ಲ. ಆ ತಾಯಿಗೆ ಇಷ್ಟನ್ನೂ ಹೇಳಿದೆ.

ಆದರೆ ಅವರ ಮಗನಿಗೆ ಪೆಟ್ಟು ಕೊಟ್ಟದ್ದು ಕಾಣುವ ಬೆಳಕೇ. 2019ರ ಡಿಸೆಂಬರ್ 26ರ ಬೆಳಿಗ್ಗೆ ಕಾಸರಗೋಡಿನ ಚೆರುವತ್ತೂರಿನಲ್ಲಿ ಸೂರ್ಯ ಬಳೆಯಾಗಿದ್ದ, ನಮ್ಮ ಭಟ್ಕಳದಲ್ಲಿ ತೆಳು ಕುಡುಗೋಲಾಗಿದ್ದ. ಹುಡುಗ ಬರಿಗಣ್ಣಲ್ಲಿ ನೋಡುತ್ತ ನಿಂತುಬಿಟ್ಟ. ಮುಂದಿನ ವಾರ ನನ್ನ ತರಗತಿಯಲ್ಲಿ ಪಾಠ ಓದುವಾಗ ಪ್ರತಿ ಪದದ ನಡುವಿನ ಅಕ್ಷರ ಬಿಡುತ್ತಿದ್ದ. ಸೋಮಾರಿತನವೆಂದು ಗದರಿದೆ. ಆ ಗದರಿಕೆ ನನಗೆ ಇಂದೂ ಚುಚ್ಚುತ್ತದೆ. "ಸರ್, ನೋಡಿದಲ್ಲೆಲ್ಲ ಒಂದು ಕಪ್ಪು ಚುಕ್ಕೆ" ಎಂದ. ಗ್ರಹಣದಲ್ಲಿ ಪ್ರಖರತೆ ತಗ್ಗುವುದರಿಂದ ಕಣ್ಣು ಮುಚ್ಚಬೇಕೆನ್ನಿಸುವುದಿಲ್ಲ, ಪಾಪೆ ಹಿಗ್ಗುತ್ತದೆ. ಬೆಳಕೂ ಕಾಣದ ಅವಕೆಂಪೂ ಒಳಗೆ ಹೋಗಿ ಅಕ್ಷಿಪಟವನ್ನು ಸುಡುತ್ತವೆ. ಅಕ್ಷಿಪಟಕ್ಕೆ ನೋವು ತಿಳಿಯುವುದಿಲ್ಲ. ಚುಕ್ಕೆ ಮಸುಕಾಗಲು ತಿಂಗಳುಗಳೇ ಹಿಡಿದವು, ಪೂರ್ತಿ ಹೋಗಿಲ್ಲ.

ಸಾವಿರ ವರ್ಷಗಳ ಹಿಂದೆ ಇಬ್ನ್ ಅಲ್-ಹೈಥಮ್ ಸಣ್ಣ ರಂಧ್ರದ ಮೂಲಕ ಗ್ರಹಣದ ಬಿಂಬ ಬೀಳಿಸಿ, ಅದರ ಆಕಾರದ ಬಗ್ಗೆಯೇ ಒಂದು ಗ್ರಂಥ ಬರೆದರು. ಆ ದಿನ ನಮ್ಮ ತೋಟಗಳ ಮರದ ನೆರಳಲ್ಲೂ ನೂರಾರು ಪುಟ್ಟ ಕುಡುಗೋಲುಗಳು ಬಿದ್ದಿದ್ದವು. ತಲೆ ತಗ್ಗಿಸಿದವರು ಕಂಡರು.

2027ರ ಆಗಸ್ಟ್ 2, ಸೋಮವಾರ, ಸಂಜೆ ಹೊತ್ತಿಗೆ ಪಾರ್ಶ್ವ ಗ್ರಹಣವಿದೆ. ಮಳೆಮೋಡ ದಾರಿ ಬಿಟ್ಟರೆ ಕುಮಟಾ, ಹೊನ್ನಾವರ, ಭಟ್ಕಳದ ಪ್ರತಿ ಶಾಲೆಯ ಅಂಗಳದಲ್ಲೂ ನೋಡಬಹುದು. ಒಂದು ರಟ್ಟು, ಅದಕ್ಕೊಂದು ಸೂಜಿಯ ತೂತು, ಕೆಳಗೆ ಬಿಳಿ ಹಾಳೆ ಸಾಕು. ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಿ. ಹಿರಿಯರೇ, ಆ ಹೊತ್ತಿಗೆ ಮಕ್ಕಳ ಜತೆ ನೀವೂ ಇರಿ.