ಸೂಜಿ ಬದಲಾದರೆ ಸಾಲದು

ನಂಜನಗೂಡು, ತಿ. ನರಸೀಪುರ ಕಡೆಯ ಕೇಳುಗರು ಬಿಡದೆ ಕೇಳುವ ಪ್ರಶ್ನೆ ಒಂದಿದೆ: ನಮ್ಮ ಬೀದಿಯ ಪುಟ್ಟ ಕ್ಲಿನಿಕ್ಕನ್ನು ನಂಬಬಹುದೇ, ಜ್ವರಕ್ಕೂ ಮೈಸೂರಿಗೇ ಓಡಬೇಕೇ? ಕಟ್ಟಡ ನೋಡಿ ಇದನ್ನು ತೀರ್ಮಾನಿಸಲಾಗದು. ಹೊಳೆಯುವ ನೆಲ, ಏಸಿ ಕೋಣೆ ಯಾರನ್ನೂ ಸೋಂಕಿನಿಂದ ಕಾಪಾಡಿಲ್ಲ. ನಾನಾದರೆ ಮೊದಲು ನೋಡುವುದು ಸೂಜಿಯನ್ನು. ಕುಟುಂಬ ವೈದ್ಯರ ಕೋಣೆಯಲ್ಲಿ ರೋಗಿಗೆ ಹಾನಿ ಮಾಡಬಲ್ಲ ವಸ್ತುಗಳಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

'ಡಾಕ್ಟ್ರು ಹೊಸ ಸೂಜಿ ಹಾಕಿದ್ರು, ಸಾಕಲ್ಲ' ಎನ್ನುವವರಿಗೆ ಉತ್ತರ: ಸಾಲದು. ಮದ್ದು ಚುಚ್ಚಿ ಸೂಜಿಯನ್ನು ಕಳಚುವಾಗ ಅದರೊಳಗಿನ ತೊಟ್ಟು ದ್ರವ ಹಿಂದಕ್ಕೆ, ಸಿರಿಂಜಿನೊಳಕ್ಕೆ ಸೆಳೆಯಲ್ಪಡುತ್ತದೆ. ಅದರಲ್ಲಿ ರಕ್ತ ಇದ್ದರೂ ಕಣ್ಣಿಗೆ ಕಾಣದು. ಹೆಪಟೈಟಿಸ್-ಬಿ ವೈರಾಣುವಿಗೆ ಕಾಣದಷ್ಟು ರಕ್ತವೇ ಧಾರಾಳ. ದೇಹದ ಹೊರಗೂ ಆ ವೈರಾಣು ಕನಿಷ್ಠ 7 ದಿನ ಬದುಕುತ್ತದೆ. ಅದೇ ಸಿರಿಂಜಿಗೆ ಹೊಸ ಸೂಜಿ ಸಿಕ್ಕಿಸಿದರೆ ಮುಂದಿನವರಿಗೆ ಹೋಗುವುದು ಹಿಂದಿನವರ ಸೋಂಕು. ಇನ್ನು ಕೆಲವರು ಮೆಡಿಕಲ್ ಅಂಗಡಿಯಿಂದ ತಾವೇ ಸಿರಿಂಜು ತಂದು ನಿಶ್ಚಿಂತರಾಗುತ್ತಾರೆ. ಮದ್ದು ಬರುವುದು ಎಲ್ಲಿಂದ? ಎಷ್ಟೋ ಸಲ ಹತ್ತಾರು ಜನರಿಗೆ ಹಂಚುವ ಸೀಸೆಯಿಂದ. ಬಳಸಿದ ಸಿರಿಂಜು ಒಮ್ಮೆ ಅದರೊಳಗೆ ಹೋಗಿದ್ದರೆ ನಿಮ್ಮ ಹೊಸ ಸಿರಿಂಜು ಎಳೆದುಕೊಳ್ಳುವುದೇ ಕೆಟ್ಟ ಮದ್ದನ್ನು. ಮತ್ತೆ ಹೇಳುತ್ತೇನೆ: ಸೂಜಿ ಹೊಸದು, ಸಿರಿಂಜು ಹೊಸದು, ಸೀಸೆ ಶುದ್ಧ, ಮೂರೂ ಬೇಕು. ಸೀಸೆಯ ರಬ್ಬರ್ ಮುಚ್ಚಳದಲ್ಲಿ ಸೂಜಿ ಹಾಗೇ ನೆಟ್ಟಿದ್ದು ಕಂಡರೆ ಎದ್ದು ಬನ್ನಿ. ಸ್ಪಿರಿಟ್ಟಿನಲ್ಲಿ ಒರೆಸುವುದು, ಬಿಸಿನೀರಿನಲ್ಲಿ ಅದ್ದುವುದು ಎಲ್ಲ ಸಮಾಧಾನದ ಮಾತು.

ಇದು ಅತಿಯಾದ ಭಯವೇ? 2009ರಲ್ಲಿ ಗುಜರಾತಿನ ಮೋಡಾಸಾದಲ್ಲಿ ಮರುಬಳಕೆಯ ಸಿರಿಂಜುಗಳಿಂದ ಹೆಪಟೈಟಿಸ್-ಬಿ ಹಬ್ಬಿ ಹತ್ತಾರು ಜನ ಸತ್ತರು. 2019ರಲ್ಲಿ ಪಾಕಿಸ್ತಾನದ ರತೋಡೆರೊದಲ್ಲಿ ನೂರಾರು ಮಕ್ಕಳಲ್ಲಿ ಎಚ್‌ಐವಿ ಕಾಣಿಸಿಕೊಂಡಿತು. ತನಿಖೆ ಬೊಟ್ಟು ಮಾಡಿದ್ದು ಅಸುರಕ್ಷಿತ ಇಂಜೆಕ್ಷನ್ನಿನತ್ತ. ಎರಡೂ ನಮ್ಮ ತಾಲ್ಲೂಕು ಕೇಂದ್ರಗಳಂಥ ಊರುಗಳೇ. ಪರಿಹಾರ ಗೊತ್ತಿಲ್ಲದ್ದೇನಲ್ಲ. ಅಂಗನವಾಡಿಯಲ್ಲಿ ಮಗುವಿಗೆ ಲಸಿಕೆ ಹಾಕುವ ಸಿರಿಂಜಿಗೆ ಒಮ್ಮೆ ಒತ್ತಿದ ಮೇಲೆ ಬೀಗ ಬೀಳುತ್ತದೆ, ಮತ್ತೆ ಬಳಸಲಾಗದು. ಎಲ್ಲ ಇಂಜೆಕ್ಷನ್ನಿಗೂ ಇಂಥ ಸುರಕ್ಷಿತ ಸಿರಿಂಜೇ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ.

ಬನ್ನೂರಿನ ಗದ್ದೆಯಲ್ಲಿ ನಾಟಿ ಹಾಕುವವರು, ನಂಜನಗೂಡು ಕೈಗಾರಿಕಾ ಪ್ರದೇಶದ ಪಾಳಿ ಕಾರ್ಮಿಕರು ಕೇಳಬಹುದು: ಒಂದು ಸೂಜಿ ಹಾಕಿಸಿಕೊಂಡರೆ ನಾಳೆ ಕೂಲಿ ತಪ್ಪದು, ಅದೂ ಬೇಡವೇ? ಕೂಲಿಯ ಮಾತು ನಿಜ, ಅದನ್ನು ಹಗುರ ಮಾಡುವುದಿಲ್ಲ. ಆದರೆ ಪ್ಯಾರಾಸಿಟಮಾಲ್ ಮಾತ್ರೆಯೂ ಅರ್ಧ ಗಂಟೆ, ಒಂದು ಗಂಟೆಯಲ್ಲಿ ಜ್ವರ ಇಳಿಸತೊಡಗುತ್ತದೆ. ಸೊಂಟಕ್ಕೆ ಬೀಳುವ ಸೂಜಿಯಲ್ಲಿ ಎಷ್ಟೋ ಸಲ ಇರುವುದು ಡೈಕ್ಲೋಫೆನಾಕ್, ಜೊತೆಗೆ ಒಂದಿಷ್ಟು ಸ್ಟೀರಾಯ್ಡ್. ಆ ಜ್ವರ ಡೆಂಗಿಯಾಗಿದ್ದರೆ ಡೈಕ್ಲೋಫೆನಾಕ್ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತದೆ, ಚುಚ್ಚಿದ ಜಾಗದಲ್ಲೇ ಒಳಗೆ ರಕ್ತ ಸೋರಿ ಗಡ್ಡೆಕಟ್ಟಬಹುದು. ವೈದ್ಯರೂ ಒಂದು ಮಾತು ಹೇಳುತ್ತಾರೆ: ಚುಚ್ಚದಿದ್ದರೆ ರೋಗಿ ಪಕ್ಕದ ಬೀದಿಗೆ ಹೋಗುತ್ತಾನೆ. ಸುಳ್ಳಲ್ಲ. ಹಾಗಾಗಿಯೇ 'ಮಾತ್ರೆ ಸಾಕೇ ಡಾಕ್ಟ್ರೇ?' ಎಂದು ನೀವೇ ಮೊದಲು ಕೇಳಬೇಕು. ಹೀಗೆ ಕೇಳಿದರೆ ಒಳ್ಳೆಯ ವೈದ್ಯರಿಗೆ ಬೇಸರವಾಗದು, ನಿರಾಳವಾಗುತ್ತದೆ.

ಸಮಯ ಸೂಜಿಗೇ ಹೋಯಿತು, ಉಳಿದದ್ದು ಬೇಗ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಬಳಸಿದ ಸೂಜಿ ಬೀಳಬೇಕಾದ್ದು ತೂತಾಗದ ಬಿಳಿ ಡಬ್ಬಿಗೆ. ಅದು ಕಣ್ಣಿಗೆ ಬೀಳುತ್ತದೆಯೇ ನೋಡಿ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಪತ್ರ ಗೋಡೆಯ ಮೇಲಿರಬೇಕು. ಚಿಕಿತ್ಸೆಯ ಪದ್ಧತಿಯನ್ನೂ ಗಮನಿಸಿ. 1913ರಲ್ಲಿ ಆಯುರ್ವೇದ ಔಷಧದ ಸದ್ವೈದ್ಯಶಾಲೆ ಹುಟ್ಟಿದ ನಂಜನಗೂಡಿಗೆ ಆಯುರ್ವೇದ ಹೊಸದಲ್ಲ, ಅದರ ಬಗ್ಗೆ ತಕರಾರೂ ಇಲ್ಲ. ಹೊರಗೆ ಆಯುರ್ವೇದದ ಬೋರ್ಡು, ಒಳಗೆ ಸ್ಟೀರಾಯ್ಡ್ ಸೂಜಿ ಎಂದಾದರೆ ಮಾತ್ರ ತಕರಾರು. ದೂರು ಕೇಳಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರ ಮೈಸೂರಿನಲ್ಲಿದೆ. ಆದರೆ ಚೀಟಿಯಿಲ್ಲದ ದೂರಿಗೆ ಆಧಾರವಿರದು. ದುಡ್ಡು ಕೊಡುವಾಗಲೇ ರಸೀದಿ ಕೇಳಿ, ಚುಚ್ಚಿದ ಮದ್ದಿನ ಹೆಸರನ್ನೂ ಅದರಲ್ಲಿ ಬರೆಸಿಕೊಳ್ಳಿ.